ದ್ರೌಪತಿಬಾಯಿಯ ಇಂಗ್ಲಿಷ್

ಹೆತ್ತ ತಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಮಗಳನ್ನು ನೀವು ನೋಡಿದ್ದೀರೋ ಇಲ್ಲವೋ, ಹುಮನಾಬಾದಿನಲ್ಲಿ ಒಬ್ಬಳಿದ್ದಾಳೆ. ಹೆಸರು ವಿಶಾಖಾ, ವಯಸ್ಸು ಇಪ್ಪತ್ತೆರಡು. ಹಗಲು ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಎಬಿಸಿಡಿ ತಿದ್ದಿಸುತ್ತಾಳೆ, ಸಂಜೆ ಮನೆಯಲ್ಲೇ ಕೂತು ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಓದುತ್ತಾಳೆ. ತಾಯಿ ದ್ರೌಪತಿಬಾಯಿ ಅದೇ ಓಣಿಯ ಅಂಗನವಾಡಿ ಕಾರ್ಯಕರ್ತೆ. ಹದಿನೇಳು ವರ್ಷದಿಂದ ಓಣಿಯ ಮಕ್ಕಳ ತೂಕ, ಎತ್ತರ, ಹಟ ಎಲ್ಲವೂ ಅವಳಿಗೆ ಬಾಯಿಪಾಠ.

ಮೂರು ವರ್ಷದ ಹಿಂದೆ ಮಗಳು ಬಿ.ಎ. ಫಾರ್ಮ್ ತುಂಬುತ್ತ ಕೂತಿದ್ದಾಗ ದ್ರೌಪತಿಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನಂದೂ ಒಂದ್ ತುಂಬವ್ವಾ" ಅಂದಳು. ಪಿಯುಸಿ ಮುಗಿಸಿ ಮದುವೆಯಾದವಳು. ಕೊಡಂಬಲ ಎಂಬ ಹಳ್ಳಿಯಲ್ಲಿ ಸಂಸಾರ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಅಣ್ಣನ ಆಸರೆಯಲ್ಲಿ ಹುಮನಾಬಾದಿಗೆ ಬಂದು, ಅಂಗನವಾಡಿಯ ಕೆಲಸ ಹಿಡಿದು, ಮಗಳನ್ನು ಓದಿಸಿದಳು. ಈಗ ಅವಳಿಗೆ ಸೂಪರ್‌ವೈಸರ್ ಆಗುವ ಆಸೆ. ಅದಕ್ಕೆ ಡಿಗ್ರಿ ಬೇಕು, ವಯಸ್ಸು ನಲವತ್ತೈದು ದಾಟಬಾರದು ಎಂದು ಆಫೀಸಿನಲ್ಲಿ ಹೇಳಿದ್ದರು. ವಿಷಯ ಯಾವುದು ಬರೆಯಲಿ ಎಂದು ಮಗಳು ಕೇಳಿದರೆ, "ನಿಂದ್ಯಾವುದೋ ಅದೇ ಬರಿ. ಒಂದೇ ಪುಸ್ತಕದಾಗ ಇಬ್ರದೂ ಆಗ್ತದ" ಅಂದಳು. ಹಾಗೆ ಬಂದು ಸೇರಿದ್ದು ಐಚ್ಛಿಕ ಇಂಗ್ಲಿಷ್.

ಮೊದಲ ಎರಡು ವರ್ಷ ವಿಶಾಖಾಗೆ ಹಬ್ಬ. ತಾಯಿ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಓದುವಳು, ಮಗಳು ತಿದ್ದುವಳು. ತಿದ್ದುವಾಗ ಗಂಟಲು ಸ್ವಲ್ಪ ದೊಡ್ಡದೇ ಆಗುತ್ತಿತ್ತು. ಮೂರನೇ ವರ್ಷ ನಾಟಕದ ಪೇಪರಿಗೆ ಜೊತೆಯಾಗಿ ಓದೋಣವೆಂದು ಮತ್ತಿಬ್ಬರು ಬರತೊಡಗಿದರು. ಒಬ್ಬ ಮೊಬೈಲ್ ರಿಪೇರಿ ಅಂಗಡಿಯ ಬಂದೇನವಾಜ್, ಇನ್ನೊಬ್ಬಳು ಹೊಲಿಗೆ ಕಲಿಸುವ ಸ್ನೇಹಲ. ಸಂಜೆ ಐದರಿಂದ ಏಳು, ವಿಶಾಖಾಳ ಮನೆಯ ಪಡಸಾಲೆ. ಅವಳು ಗೈಡ್ ಓದುವಳು, ಅವರಿಬ್ಬರು ಬರೆದುಕೊಳ್ಳುವರು. ನಡುನಡುವೆ ಅವಳು ಕನ್ನಡಕ ಮೇಲೇರಿಸಿ, "ತಿಳೀತಾ?" ಎಂದು ಕೇಳುವಳು. ಎಲ್‌ಕೆಜಿ ಮಕ್ಕಳು ಯಾವತ್ತೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಪಠ್ಯದ ನಾಟಕ ಮಾರ್ಥಾ ಎಂಬ ಹೆಂಗಸಿನದು. ಅವಳ ಗಂಡ ರೈಲ್ವೆಯವನು, ಹಳಿಯ ಮೇಲೆ ಕೆಲಸ ಮಾಡುವಾಗ ಸತ್ತಿದ್ದಾನೆ. ಎರಡನೇ ಅಂಕ ಶುರುವಾಗುವಾಗ ಹೊರಗೆ ಮಳೆ, ಹಗ್ಗದ ಮೇಲೆ ಬಟ್ಟೆ ತೋಯುತ್ತಿದೆ, ಮಾರ್ಥಾ ಒಳಗೆ ಸುಮ್ಮನೆ ಕೂತಿದ್ದಾಳೆ. ಯಾಕೆ ಅನ್ನುವುದು ಹತ್ತು ಅಂಕದ ಪ್ರಶ್ನೆ.

"ಒದ್ದೆ ಬಟ್ಟೆಯು ಸಮಾಜದ ಅವನತಿಯ ಸಂಕೇತವಾಗಿದೆ," ವಿಶಾಖಾ ಗೈಡಿನ ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು.

"ಸಂಕೇತ ಸಂಕೇತ ಅಂತ ತಲಿ ತಿಂದ್ಬಿಟ್ರು," ಬಂದೇನವಾಜ್ ಪೆನ್ನು ಕೆಳಗಿಟ್ಟ. "ಬಟ್ಟಿ ತೋಯ್ದ್ರ ಸಮಾಜಕ್ಕೇನಾಗ್ತದ?"

ಬಾಗಿಲ ಬಳಿ ತೊಗರಿಬೇಳೆ ಹಸನು ಮಾಡುತ್ತಿದ್ದ ದ್ರೌಪತಿಬಾಯಿ ತಲೆ ಎತ್ತದೆ ಕೇಳಿದಳು: "ಆಕಿ ಗಂಡ ಹೋಗಿ ಎಷ್ಟ್ ದಿನ ಆಗ್ಯಾವ?"

"ಎರಡು," ಅಂದಳು ಸ್ನೇಹಲ.

"ಮತ್ತ ಬಟ್ಟಿ ಯಾರಿಗಿ ನೆನಪಿರ್ತದ?"

"ನಿಮಗ ಹ್ಯಾಂಗ ಗೊತ್ತು ಮೌಶಿ?" ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಸ್ನೇಹಲ ಕೇಳಿದಳು. ಕೇಳಬಾರದಿತ್ತು ಎಂದು ಅವಳಿಗೂ ಆಮೇಲೆ ಅನ್ನಿಸಿರಬೇಕು, ಆದರೆ ಕೇಳಿಯಾಗಿತ್ತು.

ದ್ರೌಪತಿಬಾಯಿ ಮೊರದ ಮೇಲೆ ಕೈಯಾಡಿಸುತ್ತಲೇ ಹೇಳಿದಳು. "ಇವರಪ್ಪ ಹೋದಾಗ ಮನಿ ಮಾಳಗಿ ಮ್ಯಾಲ ಹೆಸರುಕಾಳು ಒಣ ಹಾಕಿದ್ದೆ. ರಾಶಿಗಿ ಹೋಗಿ ಕೂಲಿಗಿ ತಂದಿದ್ದು. ಮಳಿ ಹತ್ತಿತು. ನನಗ ಕಾಣ್ತಿತ್ತು, ಮಳಿ ಬರಾಕತ್ತದ, ಮ್ಯಾಲ ಹೆಸರದ. ಏಳಬೇಕು ಅನ್ನಿಸಲೇ ಇಲ್ಲ. ಮೂರನೇ ದಿನಕ್ಕ ನೋಡ್ತೀನಿ, ಎಲ್ಲಾ ಮೊಳಕಿ ಒಡದಿತ್ತು. ಅಷ್ಟೇ ಅವ್ವಾ. ಆ ಮಾರ್ಥಾಂದೂ ಅಷ್ಟೇ ಇರಬೇಕು."

ಸ್ನೇಹಲ ಗೈಡಿನ ಉತ್ತರದ ಮೇಲೆ ಗೀಟು ಎಳೆದು, ದ್ರೌಪತಿಬಾಯಿಯ ಮಾತನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಬರೆದುಕೊಂಡಳು. ಬಂದೇನವಾಜ್ ಅದನ್ನು ನೋಡಿ ತಾನೂ ಬರೆದುಕೊಂಡ.

ವಿಶಾಖಾ ಬರೆದುಕೊಳ್ಳಲಿಲ್ಲ. ಹದಿನೆಂಟು ವರ್ಷ ಒಂದೇ ಹಾಸಿಗೆಯ ಮೇಲೆ ಮಲಗಿದ್ದಾರೆ ತಾಯಿ ಮಗಳು. ಅಪ್ಪನ ಸುದ್ದಿ ಬಂದರೆ "ಹೋದ್ರು" ಎಂಬ ಒಂದು ಮಾತು ಬಿಟ್ಟು ಎರಡನೆಯದು ಅವಳು ಕೇಳಿರಲಿಲ್ಲ. ಈಗ ಮೊನ್ನೆ ಮೊನ್ನೆ ಪರಿಚಯವಾದ ಇಬ್ಬರ ಮುಂದೆ ಅವ್ವ ಅದನ್ನು ಬೇಳೆಯ ಕಲ್ಲು ತೆಗೆದಿಟ್ಟಷ್ಟು ಸುಲಭವಾಗಿ ತೆಗೆದಿಟ್ಟಿದ್ದಳು. ನನ್ನ ಅಪ್ಪ, ನನ್ನ ಮನೆಯ ಹೆಸರುಕಾಳು, ಅವರ ನೋಟ್‌ಬುಕ್ಕಿನಲ್ಲಿ!

ಅಲ್ಲಿಂದ ಪಡಸಾಲೆಯ ಗದ್ದುಗೆ ಬದಲಾಯಿತು. ಮಾರ್ಥಾ ಮೈದುನನಿಗೆ ಯಾಕೆ ಊಟ ಬಡಿಸಲಿಲ್ಲ, ಸೊಸೆ ಯಾಕೆ ಅಷ್ಟು ಜೋರಾಗಿ ನಗುತ್ತಾಳೆ, ಎಲ್ಲದಕ್ಕೂ ಮೌಶಿಯೇ ಬೇಕು. ವಿಶಾಖಾ ಉಪಾಯ ಹೂಡಿದಳು. "ಅವ್ವಾ, ಚಾ ಮಾಡು" ಎಂದು ತಾಯಿಯನ್ನು ಒಳಗೆ ಅಟ್ಟಿದರೆ, ಅವರಿಬ್ಬರು ಪುಸ್ತಕ ಹಿಡಿದು ಒಲೆಯ ಮುಂದೆ ಹೋಗಿ ಕೂತರು. ತಲೆನೋವು ಅಂದರೆ, "ನೀ ಮಲ್ಕೋ, ನಾವ್ ಮೌಶಿ ಜೊತಿ ಓದ್ತೀವಿ" ಅಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ಇಲ್ಲಿ ಆ ಗಿಡ ಬಂದವರಿಗೆಲ್ಲ ಮದ್ದಾಗಿ ಮನೆಯವಳ ಕಣ್ಣಿಗೆ ಮುಳ್ಳಾಗಿತ್ತು. ಬಂದೇನವಾಜ್ ಒಂದು ದಿನ, "ಮೌಶಿ, ನೀವು ಕಾಲೇಜಿನಾಗ ಲೆಕ್ಚರರ್ ಆಗಬೇಕಿತ್ರಿ" ಅಂದ. ದ್ರೌಪತಿಬಾಯಿ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವನ್ನು ವಿಶಾಖಾ ಅವತ್ತಿನವರೆಗೂ ನೋಡಿರಲಿಲ್ಲ. ಅದು ತನ್ನಿಂದ ಬರಲಿಲ್ಲವಲ್ಲ ಎಂದು ಅವಳಿಗೆ ಅನ್ನ ಸೇರಲಿಲ್ಲ.

ಪರೀಕ್ಷೆಗೆ ಎಂಟು ದಿನವಿತ್ತು. ಅವರಿಬ್ಬರು ಹೋದ ಮೇಲೆ, ತಾಯಿ ಒಣಗಿದ ಸೀರೆ ಮಡಚುತ್ತಿದ್ದಾಗ ವಿಶಾಖಾ ಹೇಳಿದಳು.

"ಅವ್ವಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ಇಂಗ್ಲಿಷ್ ಓದಿದ್ರ ಅವರಿಬ್ರೂ ನಗ್ತಾರ. ನೀ ಒಳಗ ಹೋದ ಮ್ಯಾಲ ನಿನ್ನಂಗೇ ಓದಿ ತೋರಿಸ್ತಾರ."

ದ್ರೌಪತಿಬಾಯಿಯ ಕೈ ನಿಂತಿತು. "ನಿನ್ನ ಮುಂದೇ?"

"ಹೂಂ, ನನ್ನ ಮುಂದೇ."

ಅಪ್ಪಟ ಸುಳ್ಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ತಾಯಿ ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಸೀರೆಯ ಉಳಿದ ಮಡಿಕೆ ಮುಗಿಸಿ ಪೆಟ್ಟಿಗೆಯಲ್ಲಿಟ್ಟಳು.

ಮರುದಿನದಿಂದ ದ್ರೌಪತಿಬಾಯಿ ಐದು ಗಂಟೆಗೆ ಮನೆಯಲ್ಲಿರಲಿಲ್ಲ. ಚಹಾ ಮಾಡಿ ಮುಚ್ಚಿಟ್ಟು ಅಂಗನವಾಡಿಗೇ ವಾಪಸ್ ಹೋಗಿ ಕೂಡುತ್ತಿದ್ದಳು.

"ಮೌಶಿ ಎಲ್ಲಿ?" ಬಂದೇನವಾಜ್ ಕೇಳಿದ. "ಯಾರರ ಏನರ ಅಂದ್ರೇನು ಅವರಿಗಿ?"

"ಸರ್ವೇ ಕೆಲಸ ಅದ. ನಾ ಏನೂ ಅಂದಿಲ್ಲ," ಅಂದಳು ವಿಶಾಖಾ. ಅವಳು ಅಂದಳೆಂದು ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಗದ್ದುಗೆ ಮತ್ತೆ ಅವಳದಾಯಿತು, ಸುಖ ಮಾತ್ರ ಆಗಲಿಲ್ಲ. ಅವಳು ಗೈಡ್ ಓದಿದರೆ ಸ್ನೇಹಲ ಗೋಡೆಯ ಗಡಿಯಾರ ನೋಡುವಳು. ಮೂರನೇ ದಿನಕ್ಕೆ ಇಬ್ಬರೂ ಆರಕ್ಕೇ ಎದ್ದು ಹೋದರು, ಐದನೇ ದಿನ ಬರಲೇ ಇಲ್ಲ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಅನ್ನ ಬಡಿಸುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಪುಸ್ತಕ ಮುಟ್ಟುವುದಿಲ್ಲ. ಪರೀಕ್ಷೆ ಬಂದರೆ ತಾನಾಗಿ ಎದ್ದು ಬರುತ್ತಾಳೆ ಎಂದು ವಿಶಾಖಾ ತನಗೆ ತಾನೇ ಹೇಳಿಕೊಂಡಳು.

ಪರೀಕ್ಷೆಯ ಕೇಂದ್ರ ಬಸವಕಲ್ಯಾಣ. ಹತ್ತಕ್ಕೆ ಪೇಪರು, ಎಂಟರ ಬಸ್ಸು ಹಿಡಿಯಬೇಕು. ಬೆಳಿಗ್ಗೆ ವಿಶಾಖಾ ಸಿದ್ಧಳಾಗಿ ನೋಡಿದರೆ ದ್ರೌಪತಿಬಾಯಿ ಅಂಗನವಾಡಿಯ ಸೀರೆ ಉಟ್ಟು ನಿಂತಿದ್ದಾಳೆ.

"ನೀ ಹೋಗು. ನಾ ಬರಂಗಿಲ್ಲ. ರಜಾನೂ ಬರ್ದು ಕೊಟ್ಟಿಲ್ಲ."

"ಅವ್ವಾ, ಬರೋ ಮಳಿಗಾಲಕ್ಕ ನಿನಗ ನಲವತ್ತೈದು ತುಂಬ್ತದ! ಈ ಸಲ ಬಿಟ್ರ ಸೂಪರ್‌ವೈಸರ್ ಆಸೆ ಮುಗೀತು."

"ಮುಗೀಲಿ ಬಿಡು."

ವಿಶಾಖಾ ತಾಯಿಯ ಕೈ ಹಿಡಿದಳು. ಹದಿನೇಳು ವರ್ಷದ ಕೆಲಸ, ಮೂರು ವರ್ಷದ ಓದು, ಎಲ್ಲ ತನ್ನ ಒಂದು ಮಾತಿಗೆ ಕೊಚ್ಚಿಹೋಗುತ್ತಿತ್ತು. "ಅವರಿಬ್ರು ನಕ್ಕಿದ್ದಕ್ಕ ನೀ ಪರೀಕ್ಷೆ ಬಿಡ್ತೀ ಏನು?"

"ಅವ್ರು ನಗಲಿ ಬಿಡವ್ವಾ. ಮಂದಿ ನಗೂದು ನನಗೇನ್ ಹೊಸಾದಲ್ಲ." ದ್ರೌಪತಿಬಾಯಿ ಚಪ್ಪಲಿ ಹುಡುಕುವವಳಂತೆ ಕೆಳಗೆ ನೋಡಿದಳು. "ನಿನ್ನ ಮುಂದೇ ನಕ್ರು ಅಂದಿ. ನೀ ಸುಮ್ಮ ಕುಂತು ನೋಡಿದಿ. ಅದು ತಡೀಲಿಕ್ಕ ಆಗವಲ್ದು."

ವಿಶಾಖಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಹೀಗೂ ತಾಗೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾರೂ ನಕ್ಕಿಲ್ಲ ಅವ್ವಾ. ಖರೇನೇ ಯಾರೂ ನಕ್ಕಿಲ್ಲ. ನಾ ಸುಳ್ಳ ಹೇಳ್ದೆ."

"ಯಾಕ?"

"ಹೊಟ್ಟಿ ಉರೀತು. ಎಲ್ಲಾರೂ ಮೌಶಿ ಮೌಶಿ ಅಂತ ನಿನ್ನ ಹಿಂದೇ ಬಿದ್ರು. ಅಪ್ಪನ ಸುದ್ದಿ ಅವರಿಗಿ ಹೇಳ್ದಿ. ನನಗ ಒಂದ್ ದಿನಾನೂ ಹೇಳಿಲ್ಲ."

ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಅವಳು ತಲೆ ತಗ್ಗಿಸಿದಳು. ದ್ರೌಪತಿಬಾಯಿ ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು.

"ಅವ್ರು ಕೇಳಿದ್ರು, ಹೇಳ್ದೆ. ನೀ ಒಂದ್ ದಿನಾನೂ ಕೇಳಲಿಲ್ಲಲ್ಲವ್ವಾ."

ಆಮೇಲೆ ಅವಳು ಎದ್ದು ಗೋಡೆಯ ಮಾಡದಲ್ಲಿದ್ದ ಹಾಲ್ ಟಿಕೆಟ್ ತೆಗೆದುಕೊಂಡಳು. ಸಹಾಯಕಿಗೆ ಫೋನ್ ಮಾಡಿ ಮಕ್ಕಳನ್ನು ನೋಡಿಕೊ ಅಂದಳು. ಸೀರೆ ಬದಲಿಸಲು ಹೊತ್ತಿರಲಿಲ್ಲ. ಅಂಗನವಾಡಿಯ ಸೀರೆಯಲ್ಲೇ ತಾಯಿ ಮುಂದೆ, ಮಗಳು ಹಿಂದೆ, ಬಸ್ ನಿಲ್ದಾಣದವರೆಗೆ ಓಡಿದರು.

ಫಲಿತಾಂಶವನ್ನು ಈಗಲೇ ಹೇಳಿಬಿಡಬೇಕು, ಇಲ್ಲವಾದರೆ ಕೇಳುವವರಿಗೆ ಸಮಾಧಾನವಿರುವುದಿಲ್ಲ. ಆ ಪೇಪರಿನಲ್ಲಿ ದ್ರೌಪತಿಬಾಯಿಗೆ ಐವತ್ತೆಂಟು, ವಿಶಾಖಾಗೆ ಐವತ್ತೊಂದು. ಅಂಕಪಟ್ಟಿ ಬಂದ ದಿನ ವಿಶಾಖಾಳ ಹೊಟ್ಟೆ ಮತ್ತೆ ಉರಿಯಿತು, ಅದನ್ನು ಅವಳು ಬಾಯಿಬಿಟ್ಟೇ ಹೇಳಿದಳು, ತಾಯಿ ನಕ್ಕಳು. ಆದರೆ ಅದು ಎರಡು ತಿಂಗಳ ನಂತರದ ಮಾತು. ಅವತ್ತು ಬಸ್ಸಿನಲ್ಲಿ ಅವರಿಗೆ ಹಿಂದಿನ ಸೀಟು ಸಿಕ್ಕಿತು. ಹೈವೇ ಮೇಲೆ ಬಸ್ಸು ಓಡುತ್ತಿತ್ತು. ಓದದೆ ಬಂದ ತಾಯಿಗೆ ಒಂದೆರಡು ಪ್ರಶ್ನೆಯಾದರೂ ಓದಿ ಹೇಳೋಣವೆಂದು ವಿಶಾಖಾ ಗೈಡ್ ತೆರೆದಳು, ತೆರೆದು ಮುಚ್ಚಿದಳು.

"ಅವ್ವಾ, ಅಪ್ಪ ಹೋದಾಗ ನಾ ಎಲ್ಲಿದ್ದೆ?"

ದ್ರೌಪತಿಬಾಯಿ ಕಿಟಕಿಯ ಕಡೆಯಿಂದ ಮುಖ ತಿರುಗಿಸಿದಳು.

"ನನ್ನ ಬಾಜೂಕೇ ಇದ್ದಿ. ಮೂರನೇ ದಿನ ನನ್ನ ಗದ್ದ ಹಿಡ್ದು, ಅವ್ವಾ ಹಸಿವಾಗ್ಯಾದ ಅಂದಿ. ಅದಕ್ಕೇ ಎದ್ದೆ. ಇಲ್ಲಂದ್ರ ಏಳ್ತಿದ್ದಿಲ್ಲ."

ವಿಶಾಖಾ ಗೈಡನ್ನು ಚೀಲದೊಳಗೆ ಹಾಕಿದಳು. ಬಸವಕಲ್ಯಾಣ ಬರುವವರೆಗೆ ಅವಳು ಕೇಳುತ್ತಲೇ ಹೋದಳು, ತಾಯಿ ಹೇಳುತ್ತಲೇ ಹೋದಳು.