ಕಂಬಳಿ ಹುಳದ ಹುಟ್ಟು ಕಂಡ ಆಶಮ್ಮ

ಗಟ್ಟು ಊರಿನ ಹತ್ತಿರದ ಕೆಂಪು ಮಸಾರಿ ಹೊಲದಲ್ಲಿ ಔಡಲಕ್ಕೆ ಹುಳದ ಔಷಧ ಹೊಡೆಯುತ್ತಿದ್ದಾಗ ಆಶಮ್ಮನ ಗಂಡ ಕುರುಮಯ್ಯ ಕುಸಿದು ಬಿದ್ದ. ಗಾಳಿ ಎದುರಾಗಿತ್ತು, ಮುಖಕ್ಕೆ ಬಟ್ಟೆ ಕಟ್ಟಿರಲಿಲ್ಲ. ಗದ್ವಾಲದ ಆಸ್ಪತ್ರೆಗೆ ಒಯ್ದರೂ ಮೂರನೆಯ ದಿನ ಜೀವ ಹೋಯಿತು. ಮಣ್ಣು ಮಾಡಿ ಬಂದು ನೋಡಿದರೆ ಕಂಬಳಿ ಹುಳ ಎಲೆಯನ್ನೆಲ್ಲ ತಿಂದು ಬರೀ ನರ ಉಳಿಸಿತ್ತು.

ಈ ಹುಳ ಬರುವುದಾದರೂ ಎಲ್ಲಿಂದ ಎಂದು ಆಶಮ್ಮ ಕಂಡಕಂಡವರನ್ನು ಕೇಳಿದಳು. ಮಳೆಯ ಜೊತೆ ಮೇಲಿನಿಂದ ಉದುರುತ್ತದೆ ಎಂದರು ಕೆಲವರು. ಅದನ್ನು ತಿಳಿದು ನೀನೇನು ಮಾಡುತ್ತೀ ಎಂದ ಪಕ್ಕದ ಹೊಲದ ವೀರಯ್ಯ.

ಬಲಿತ ಹುಳಗಳು ಎಲೆ ಬಿಟ್ಟು ಹೊರಟಾಗ ಅವುಗಳ ಹಿಂದೆಯೇ ನಡೆದಳು. ಬದು ದಾಟಿ, ತಂಗಡಿ ಗಿಡದ ಬೇಲಿಯ ಬುಡದ ನೆರಳಿಗೆ ಹೋಗಿ ಮಣ್ಣಿಗಿಳಿದವು. ಹತ್ತನ್ನು ಕಡ್ಡಿಯಿಂದ ಎತ್ತಿ, ಅಲ್ಲಿಯದೇ ಮಣ್ಣು ತುಂಬಿದ ಗಡಿಗೆಗೆ ಬಿಟ್ಟು, ಅದರ ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ದೀಪಾವಳಿ ಹೊತ್ತಿಗೆ ಕೆದಕಿದರೆ ಕೂದಲಿಲ್ಲ, ಕಾಲಿಲ್ಲ. ಕಂದು ಬಣ್ಣದ ಗಟ್ಟಿ ಕೋಶಗಳು. ಸತ್ತಾವು, ಚೆಲ್ಲಿಬಿಡು ಎಂದಳು ಮಗಳು ರಾಧಿಕಾ. ಆಶಮ್ಮ ಒಂದನ್ನು ಬೆರಳಲ್ಲಿ ಹಿಡಿದಳು. ಅದರ ತುದಿ ಮೆಲ್ಲಗೆ ಹೊರಳಿತು.

ಚಳಿ ಕಳೆಯಿತು, ಬೇಸಿಗೆಯೂ ಕಳೆಯಿತು. ಜೂನ್‌ನಲ್ಲಿ ಮಿರಗದ ಮೊದಲ ದೊಡ್ಡ ಮಳೆ ಬಿದ್ದ ಮೂರನೆಯ ಸಂಜೆ ಗಡಿಗೆಯ ಬಟ್ಟೆ ಅಲುಗಿತು. ಬಿಳಿ ರೆಕ್ಕೆ, ಅಂಚಿಗೆ ಹಳದಿ ಗೆರೆ, ಮೈಗೆ ಕೆಂಪು ಕರಿ ಪಟ್ಟೆ. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಅದೇ ಪತಂಗಗಳು! ಇಷ್ಟು ವರ್ಷ ಅವನ್ನು ಸೆರಗಿನಿಂದ ಹೊರಗಟ್ಟುತ್ತ ಬಂದಿದ್ದಳು. ಔಡಲದ ಎಲೆಯೊಂದನ್ನು ಒಳಗಿಟ್ಟಳು. ಎರಡು ದಿನದಲ್ಲಿ ಎಲೆಯ ಅಡಿಗೆ ಗಸಗಸೆಯಂತೆ ಹಳದಿ ಮೊಟ್ಟೆ. ಆಮೇಲೆ ನೂಲಿನ ಎಳೆಯಂಥ ಮರಿ.

ಆಶಮ್ಮ ಎಲೆ ಹಿಡಿದುಕೊಂಡು ವೀರಯ್ಯನ ಹೊಲಕ್ಕೆ ಹೋದಳು.

"ಅಣ್ಣಾ, ಇದು ಮ್ಯಾಲಿಂದ ಬಿದ್ದದ್ದಲ್ಲರಿ. ಮಳಿ ಬರೋತನಕ ನಮ್ಮ ಬೇಲಿ ಬುಡದಾಗ ಮಲಗಿರ್ತೈತಿ. ಇಷ್ಟು ಗೊತ್ತಿದ್ದರ ನಮ್ಮ ಮನಿಯವರು ಅಷ್ಟು ವಿಷ ಹೊಡೀತಿರಲಿಲ್ಲ."

ವೀರಯ್ಯ ಎಲೆಯನ್ನು ಹೊರಳಿಸಿ ನೋಡಿದ. "ಬ್ಯಾಸಿಗ್ಯಾಗ ಅಗೀಬೇಕಿತ್ತು ನೋಡವ್ವ" ಎಂದ.

ಆ ವರ್ಷ ಮೊಟ್ಟೆಯಿದ್ದ ಎಲೆ ಕಿತ್ತು ಸುಟ್ಟರು. ಅರ್ಧ ಬೆಳೆ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಎರಡೂ ಮನೆಯವರು ಸೇರಿ ಬೇಲಿ ಬುಡ ಅಗೆದು ಬುಟ್ಟಿಗಟ್ಟಲೆ ಕೋಶ ತೆಗೆದರು. ಈಗ ದೂರದ ರಾಜೋಳಿ ಕಡೆಯಿಂದಲೂ ಹೆಣ್ಣುಮಕ್ಕಳು ಕೇಳಿಕೊಂಡು ಬರುತ್ತಾರೆ. ಇದನ್ನೆಲ್ಲ ನಿನಗೆ ಯಾರು ಕಲಿಸಿದರು ಎಂದರೆ, ಗಂಡ ಬದುಕಿದ್ದಾಗ ಒಮ್ಮೆಯೂ ಅವನ ಹೆಸರು ಹೇಳದ ಆಶಮ್ಮ, ಕುರುಮಯ್ಯ ಅನ್ನುತ್ತಾಳೆ.