ಅಣವೀರಪ್ಪ ಕಾಕಾ ಮತ್ತು ಗುಂಡನ ಕಾಲು

ನಮ್ಮ ಅಣವೀರಪ್ಪ ಕಾಕಾ ಮುಂಬಯಿಗೆ ಬಂದದ್ದು ಗೌಂಡಿ ಕೆಲಸಕ್ಕೆ. ಬೆನ್ನು ಕೈಕೊಟ್ಟ ಮೇಲೆ ಕಾಂದಿವಲಿಯ ಒಂದು ಎತ್ತರದ ಬಿಲ್ಡಿಂಗಿನಲ್ಲಿ ಮನೆಮನೆಯ ಮೀನಿನ ತೊಟ್ಟಿ ತೊಳೆಯತೊಡಗಿದ. ಆ ಕೆಲಸಕ್ಕೆ ಹಚ್ಚಿದವರು ಅಲ್ಲಿಯೇ ಇರುವ ಮೈಸೂರಿನ ವಿಮಲಾ ಮೇಡಂ. ಅವರು ನಂಬಿ ಮನೆಯ ಕೀಲಿಕೈ ಕೊಟ್ಟರು. ಅವರು ಕೊಟ್ಟರೆಂದು ಉಳಿದವರೂ ಕೊಟ್ಟರು. ಸೊಂಟದಲ್ಲಿ ಸಿಕ್ಕಿಸಿಕೊಂಡ ಆ ಕೀಲಿಕೈ ಗೊಂಚಲೇ ಕಾಕಾನ ಹೊಟ್ಟೆಪಾಡು, ಮರ್ಯಾದೆ ಎಲ್ಲ.

ನಾನು ಅವನ ಅಣ್ಣನ ಮಗ ಈಶ್ವರ, ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಜೋಗೇಶ್ವರಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ, ಕಾಕಾನ ಖೋಲಿಯಲ್ಲಿ ಮಲಗುತ್ತೇನೆ. ಕಾಕಾ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗ ಪ್ರಾಣಿಗೋಳ ಡಾಕ್ಟರ್" ಎನ್ನುತ್ತಿದ್ದ. ತಿದ್ದಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಕೇಳಲು ಹಿತವಾಗಿತ್ತು, ಬಿಟ್ಟೆ.

ಪ್ರತಿ ವರ್ಷ ನಾನು ಸಾಲಮಾಂಡರ್ ಪಾಠ ಮಾಡುತ್ತೇನೆ. ಕಪ್ಪೆಯ ಬಾಲವುಳ್ಳ ಬಂಧು, ಚರ್ಮದಿಂದಲೂ ಉಸಿರಾಡುತ್ತದೆ, ಕಾಲು ತುಂಡಾದರೆ ಮತ್ತೆ ಬೆಳೆಯುತ್ತದೆ ಎಂದು ಕಣ್ಣಾರೆ ಕಂಡವನಂತೆ ಹೇಳುತ್ತೇನೆ. ನಿಜವಾಗಿ ಕಂಡದ್ದು ಕಾಲೇಜಿನ ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿಯಂತೆ ಮುಳುಗಿದ್ದ ಒಂದನ್ನು ಮಾತ್ರ. ನಮ್ಮ ದೇಶದಲ್ಲಿ ಅವು ಇರುವುದು ದಾರ್ಜಿಲಿಂಗಿನಂಥ ಹಿಮಾಲಯದ ಸೀಮೆಯಲ್ಲಿ. ನಾನು ಉತ್ತರದ ಕಡೆ ಹೋದದ್ದು ಮುಂಬಯಿಯದೇ ಬೊರಿವಲಿ ತನಕ. ಹೀಗಾಗಿ, ವಿಮಲಾ ಮೇಡಂ ಮನೆಯಲ್ಲಿ ಕೈಕಾಲಿರುವ ಮೀನು ಇದೆ ಎಂದು ಕಾಕಾ ಹೇಳಿದಾಗ, "ಅಂಥಾದ್ದು ಜಗತ್ತಿನಾಗ ಇಲ್ಲ ಕಾಕಾ" ಎಂದು ಪಾಠ ಮುಗಿಸಿದ್ದೆ.

ಮೇಡಂ ನೆಂಟರ ಮದುವೆಗೆಂದು ಮೈಸೂರಿಗೆ ಹೋಗಿದ್ದಾಗ ಕಾಕಾನ ಫೋನ್ ಬಂತು.

"ಈಶ್ವರಾ, ಲಗೂನ ಬಾ. ಗುಂಡಂದು ಕಾಲು ಹೋಗ್ಯಾದ."

"ಯಾವ ಗುಂಡ?"

"ನೀ ಇಲ್ಲ ಅಂದಿದ್ಯಲ್ಲ, ಅದೇ ಮೀನ."

ಹೋಗಿ ನೋಡಿದೆ. ನೀರು ತಂಪಾಗಿರಲೆಂದು ಮಂಜುಗಡ್ಡೆಯ ಬಾಟಲಿ ತೇಲಿಬಿಟ್ಟ ತೊಟ್ಟಿಯಲ್ಲಿ ಬಿಳಿ ಮೈ, ಕತ್ತಿನ ಎರಡೂ ಬದಿಗೆ ಕೆಂಪು ಗರಿಯಂಥ ಕಿವಿರು, ನಗುವಂಥ ಬಾಯಿ. ಆಕ್ಸೊಲಾಟಲ್! ಮೆಕ್ಸಿಕೊ ದೇಶದ ಸಾಲಮಾಂಡರ್! ನನಗರಿವಿಲ್ಲದೆ ಕೈ ಜೋಡಿಸಿದೆ.

"ಕೈ ಆಮ್ಯಾಲ ಮುಗಿ, ಮದಲ ಕಾಲು ನೋಡು" ಎಂದ ಕಾಕಾ.

ಮುಂಗಾಲೊಂದು ಬುಡದಿಂದ ಇರಲಿಲ್ಲ. ಕಾಕಾ ಎಂದೂ ಒಬ್ಬನೇ ಉಂಡವನಲ್ಲ. ತಾಟಿನ ಮುಂದೆ ಕೂತು ಓಣಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯುತ್ತಾನೆ. ಅದೇ ರೂಢಿಯನ್ನು ಇಲ್ಲಿಗೂ ತಂದಿದ್ದ.

"ಇದೊಂದೇ ಉಣ್ಣೋದು ನೋಡಿ ಜೀವ ಚುರ್ ಅಂತು. ಮ್ಯಾಲಿನ ಮನಿ ರೂಪಾಲಿ ಮೇಡಂ ಕಡಿ ಇಂಥಾದ್ದೇ ಒಂದದ. ಜೋಡಿಗಿರಲಿ ಅಂತ ತಂದು ಬಿಟ್ಟೆ. ಪಂಕ್ತಿಗೆ ಕುಂದರ್ಸಿದ್ರ ಬಾಜೂದವನ ಕಾಲೇ ತಿಂತು, ಹಲ್ಕಟ್!"

ಕಾಲು ತಿಂದವನನ್ನು ಕಾಕಾ ಆಗಲೇ ಮೇಲಿನ ಮನೆಗೆ ಮುಟ್ಟಿಸಿದ್ದ. ಈಗ ಎಂ.ಎಸ್ಸಿ. ಮಾತಾಡಬೇಕಿತ್ತು. ಮಾತಾಡಿತು: "ಅರಿಶಿನ ತಾ."

ಕುಡಗೋಲು ತಾಗಿದರೂ ಆಡು ಹಾಯ್ದರೂ ನಮ್ಮ ಮನೆಯಲ್ಲಿ ಗಾಯಕ್ಕೆ ಅರಿಶಿನವೇ. ಮೇಡಂ ಅಡಿಗೆಮನೆಯಿಂದ ಕಾಕಾ ತಂದ, ನಾನು ಮೆತ್ತಿದೆ. ಗುಂಡ ವಿಲವಿಲ ಒದ್ದಾಡಿದ. ನೀರೆಲ್ಲ ಹಳದಿಯಾಯಿತು. ಆಗ ನನಗೆ ನನ್ನದೇ ಪಾಠ ನೆನಪಾಯಿತು.

"ಕಾಕಾ, ಇದು ಚರ್ಮದಿಂದ ಉಸಿರಾಡ್ತದ!"

"ಮದಲ ಹೇಳಬಾರದೇನೋ, ಡಾಕ್ಟರ್!"

ಕ್ಲೋರಿನ್ ಹೋಗಲೆಂದು ಕಾಕಾ ಹಿಂದಿನ ದಿನವೇ ತುಂಬಿಟ್ಟಿದ್ದ ನೀರಿನ ಬಕೆಟ್ಟಿಗೆ ಅದನ್ನು ಸಾಗಿಸಿ, ಮತ್ತೆ ಮತ್ತೆ ನೀರು ಬದಲಿಸಿದೆವು. ಬದುಕಿತು. ಆದರೆ ಬಣ್ಣ ಪೂರ್ತಿ ಹೋಗಲಿಲ್ಲ. ಅರಿಶಿನದ ಶಾಸ್ತ್ರ ಮುಗಿಸಿದ ಮದುಮಗನಂತೆ ಗುಂಡ ತೊಟ್ಟಿಯ ಮೂಲೆಯಲ್ಲಿ ಕೂತ.

ಮೇಡಂ ಬರುವ ತನಕ ದಿನವೂ ಸಂಜೆ ಕಾವಲು ಕೂತೆವು. ಸುಮ್ಮನಿರಲಾರದೆ ನಾನು ವಿವರಿಸಿದೆ: ಬೇರೆ ಎಷ್ಟೋ ಸಾಲಮಾಂಡರ್‌ಗಳು ಬೆಳೆದ ಮೇಲೆ ಕಿವಿರು ಕಳಚಿ ನೆಲಕ್ಕೆ ಬರುತ್ತವೆ. ಇವುಗಳ ಪೂರ್ವಿಕರಿಗೆ ಬತ್ತದ ಕೆರೆ ಸಿಕ್ಕಿತ್ತು. ನೆಲದ ಗೊಡವೆ ಬೇಡವಾಗಿ, ಮರಿಯ ರೂಪದಲ್ಲೇ ಉಳಿದು ಮೊಟ್ಟೆಯಿಡುವ ಜಾತಿಯಾದವು ಎಂದು ಬಲ್ಲವರ ಊಹೆ.

"ದೊಡ್ಡಾಂವ ಆಗದೆನ ಸಂಸಾರ ಮಾಡ್ತದ?" ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಂದು ಎರಡೂ ಆಗ್ಲಿಲ್ಲಲ್ಲೋ."

ನಾನು ಮೂವತ್ತು ದಾಟಿದ ಬ್ರಹ್ಮಚಾರಿ. ಮಾತು ತಿರುಗಿಸಿದೆ: ಅವುಗಳ ಕೆರೆಯ ಮೇಲೆ ಮೆಕ್ಸಿಕೊ ನಗರ ಬೆಳೆಯಿತು. ಉಳಿದ ಕಾಲುವೆಗಳಿಗೆ ಹೊಲಸು ಸೇರಿತು, ಹೊರಗಿನಿಂದ ತಂದುಬಿಟ್ಟ ಮೀನುಗಳು ಮೊಟ್ಟೆ-ಮರಿ ತಿಂದವು. ಅಲ್ಲಿಯ ರೈತರು, ವಿಜ್ಞಾನಿಗಳು ಸೇರಿ ಒಂದಷ್ಟು ಕಾಲುವೆ ಚೊಕ್ಕ ಮಾಡುತ್ತಿದ್ದಾರೆ. ಆದರೂ ಹುಟ್ಟಿದೂರಲ್ಲಿ ಉಳಿದವು ಬಹಳ ಕಡಿಮೆ. ಗಾಜಿನ ತೊಟ್ಟಿಗಳಲ್ಲಿ ಮಾತ್ರ ಜಗತ್ತಿನ ತುಂಬ ಇವೆ.

"ಊರಾಗ ಯಾರೂ ಇಲ್ಲ, ಎಲ್ಲಾರೂ ಬೊಂಬಾಯಾಗ" ಎಂದ ಕಾಕಾ.

ವಿಮಲಾ ಮೇಡಂ ಬಂದರು. ಬ್ಯಾಗು ಇಳಿಸುವ ಮೊದಲೇ ತೊಟ್ಟಿಗೆ ಬಗ್ಗಿದರು.

"ಅಣವೀರಪ್ಪ, ಗುಂಡ ಯಾಕೆ ಹಳದಿಯಾಗಿದಾನೆ? ಅಯ್ಯಯ್ಯೋ, ಕಾಲೆಲ್ರೀ?"

ಕಾಕಾ ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಜೀವಕೋಶದಿಂದ ಹಿಡಿದು ಹೇಳುತ್ತ ಹೋಗಿ, ಕ್ಲಾಸಿನ ಹುಮ್ಮಸ್ಸಿನಲ್ಲಿ, "ಹದಿನೈದೇ ದಿನ ಮೇಡಂ, ಹೊಸ ಕಾಲು ಬರುತ್ತದೆ" ಎಂದುಬಿಟ್ಟೆ. ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲ.

"ಇವರು ಡಾಕ್ಟ್ರಾ?"

"ಅಲ್ರೀ, ಮಾಸ್ತರ" ಎಂದ ಕಾಕಾ. "ತಪ್ಪು ನಂದರೀ. ಒಂದೇ ಅದ ಅಂತ ಜೋಡಿ ಬಿಟ್ಟಾಂವ ನಾ."

"ಮತ್ತೆ ಈ ಅರಿಶಿನ?"

"ಅದು ನಾನು" ಎಂದೆ. ಅಂದು ನಾನಾಡಿದ ಚಿಕ್ಕ ಮಾತು ಅದೊಂದೇ.

ಕಾಕಾ ಗೊಂಚಲಿನಿಂದ ಅವರ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟ. ಮೇಡಂ ಬೇಡವೆನ್ನಲಿಲ್ಲ. "ಮೊದಲು ಕಾಲು ಬರಲಿ, ಆಮೇಲೆ ನೋಡೋಣ" ಎಂದರು.

ಸುದ್ದಿ ಲಿಫ್ಟಿನಲ್ಲಿ ಏರಿಳಿಯಿತು. ಮೊದಲು ರೂಪಾಲಿ ಮೇಡಂ, ಆಮೇಲೆ ಇನ್ನಿಬ್ಬರು ಕೀಲಿಕೈ ವಾಪಸು ಕೇಳಿದರು. ಕಾಕಾ ಈಗ ಬಾಗಿಲ ಗಂಟೆ ಒತ್ತಿ, ಮನೆಯವರು ತೆರೆಯುವ ತನಕ ಹೊರಗೆ ನಿಲ್ಲುತ್ತಿದ್ದ. ನನ್ನ ಹದಿನೈದು ದಿನ ಕಳೆದಾಗ ಗುಂಡನ ಭುಜದಲ್ಲಿ ಇದ್ದದ್ದು ಜೋಳದ ಕಾಳಿನಷ್ಟು ಗಂಟು.

"ಕಾಳು ಬಂದದ. ತೆನಿ ಯಾವಾಗೋ, ಮಾಸ್ತರ?" ಎನ್ನುತ್ತಿದ್ದ ಕಾಕಾ. ಡಾಕ್ಟರ್ ಪದವಿ ಆಗಲೇ ಹೋಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಟು ಉದ್ದವಾಯಿತು, ತುದಿ ಕವಲೊಡೆಯಿತು. ಒಂದು ದಿನ ಮೇಡಂ ಕಾಕಾನನ್ನು ತೊಟ್ಟಿಯ ಬಳಿ ಕರೆದು, ಗಾಜಿಗೆ ಮೂಗು ಹಚ್ಚಿ ಬೆರಳು ಎಣಿಸಿದರಂತೆ. ಆ ಕಡೆ ನಾಲ್ಕು, ಈ ಕಡೆಯೂ ನಾಲ್ಕು. ಕೀಲಿಕೈ ತಂದು ಅವನ ಕೈಗಿಟ್ಟರಂತೆ.

"ನೀವು ಬನ್ನಿ ಅಣವೀರಪ್ಪ. ಆ ನಿಮ್ಮ ಮೇಷ್ಟ್ರು ಮಾತ್ರ ನಮ್ಮನೆ ಬಾಗಿಲು ತುಳಿಯೋದು ಬೇಡ."

ಉಳಿದ ಮನೆಗಳ ಕೀಲಿಕೈಗಳೂ ಒಂದೊಂದಾಗಿ ಬಂದವು. ಈಗ ರವಿವಾರ ನಾನೂ ಕಾಕಾನ ಜೊತೆ ಕಾಂದಿವಲಿಗೆ ಹೋಗುತ್ತೇನೆ. ಅವನು ಮೇಲೆ ಹೋಗುತ್ತಾನೆ. ಹಿಮಾಲಯಕ್ಕೆ ಹೋಗದೆ ಜೀವಂತ ಸಾಲಮಾಂಡರ್ ಕಂಡ ನಾನು ಗೇಟಿನಲ್ಲಿ ವಾಚ್‌ಮನ್ನನ ಪಕ್ಕದ ಸ್ಟೂಲಿನ ಮೇಲೆ ಕೂತು, ಗುಂಡ ಇವತ್ತು ಏನು ಉಂಡ ಎಂಬ ಸುದ್ದಿಗಾಗಿ ಕಾಯುತ್ತೇನೆ.