ಕರಿಬೇವಿನ ಬುಡದ ಅಣುಬಾಂಬು

ಚಿನ್ನೂ, ಪುಟ್ಟೂ, ಪಕ್ಕದ ಮನೆ ತಾತನ ಕರಿಬೇವು ಯಾಕೆ ಒಣಗಿತೆಂದು ನಿಮಗಾದರೂ ಬರೆದು ಹೇಳಿಬಿಡುತ್ತೇನೆ.

ನನ್ನ ಮಗನಿಗೆ, ಅಂದರೆ ನಿಮ್ಮಪ್ಪನಿಗೆ, ಕಾರ್ಖಾನೆಯಲ್ಲಿ ಕೆಲಸವಾಗಿ, ನಾನೂ ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿ ಬಿಟ್ಟು ಈ ಚಿನ್ನದ ಗಣಿಯ ಊರಾದ ಊರಿಗಾಂಗೆ ಬಂದ ಹೊಸತು. ಹಳ್ಳಿಯಲ್ಲಿ ಅನ್ನ ಬಸಿದ ಗಂಜಿ ಹಸುವಿನ ಪಾಲು. ಇಲ್ಲಿ ಹಸುವಿಲ್ಲ, ಚರಂಡಿಗೆ ಚೆಲ್ಲಲು ಕೈ ಬರಲಿಲ್ಲ. ಹಿತ್ತಿಲ ಗೋಡೆಯಲ್ಲೊಂದು ತೂತಿತ್ತು, ಅದರಾಚೆ ತಾತನ ಗಿಡ. ಅದಾದರೂ ಕುಡಿಯಲಿ ಎಂದು ಉಪ್ಪು ಹಾಕಿದ ಸುಡುಗಂಜಿಯನ್ನು ದಿನವೂ ತೂತಿನಿಂದ ಸುರಿದೆ.

ಎಲೆಯೆಲ್ಲ ಉದುರಿತು. ಅದೇ ವಾರ ಟಿವಿಯಲ್ಲಿ, ಯಾವುದೋ ದೂರದ ದೇಶ ನೆಲದೊಳಗೆ ಅಣುಬಾಂಬು ಸಿಡಿಸಿದ ಸುದ್ದಿ. ತಾತ ಗಣಿಯಲ್ಲಿ ದುಡಿದು ನಿವೃತ್ತರಾದವರು. ಗೋಡೆಯ ಮೇಲಿಂದ ಕೂಗಿದರು:

"ನೋಡಮ್ಮಾ, ಬಾಂಬಿನ ಏಟು! ಗಣಿ ಒಳಗೆ ಬಂಡೆ ಸಿಡಿದ್ರೇನೇ ಇಲ್ಲಿ ಮನೇಲಿ ಪಾತ್ರೆ ಉರುಳ್ತಿದ್ವು. ಇನ್ನು ಬಾಂಬಿಗೆ ಬೇರು ಉಳಿಯತ್ತಾ?"

ನಿಮ್ಮಮ್ಮ ಫೋನಿನಲ್ಲಿ ಹುಡುಕಿ ಓದಿದಳು. ಸಿಡಿದ ಜಾಗದ ಮೇಲೆ ನೆಲ ಬಟ್ಟಲಿನಂತೆ ಕುಸಿಯುತ್ತದಂತೆ, ಬೇರು ಹರಿದು ಗಿಡ ಒಣಗುತ್ತದಂತೆ, ವರ್ಷಗಳಾದ ಮೇಲೆ ಮೊದಲು ಹುಲ್ಲು ಬರುತ್ತದಂತೆ. "ಆದ್ರೆ ಅದೆಲ್ಲ ಅಲ್ಲೇ ಸುತ್ತಮುತ್ತ ಮಾತ್ರ ತಾತಾ."

"ಫೋನ್‌ಗೇನ್ ಗೊತ್ತು? ಅದು ಗಣಿಗೆ ಇಳ್ದಿತ್ತಾ? ಬುಡ ನೋಡು, ಬಟ್ಟಲು!"

ಬಟ್ಟಲೇನೋ ನಿಜ. ನನ್ನ ಗಂಜಿ ಕೊರೆದದ್ದು.

"ನೆಲ ಕೆಟ್ಟೋಯ್ತು. ನಾಳೆ ಕಿತ್ತಾಕಿ ಸಿಮೆಂಟ್ ಆಕಿಸ್ತೀನಿ" ಎಂದರು.

ಬೀದಿಯವರೆಲ್ಲರ ಸಾರಿನ ಒಗ್ಗರಣೆಗೆ ಅದೊಂದೇ ಗಿಡ. ಪರ ಗಂಡಸರೆದುರು ಅದುವರೆಗೆ ಬಾಯಿಬಿಟ್ಟವಳಲ್ಲ ನಾನು. ಸೆರಗು ಹೊದ್ದು ಗೋಡೆಯ ಹತ್ತಿರ ಹೋದೆ. ನಿಜ ಹೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಮಾತ್ರ, "ಒಂದು ತಿಂಗ್ಳು ತಡೀರಿ. ನೆಲ ತಣ್ಣಗಾಗ್ಲಿ."

ತಾತ ತಲೆ ಕೆರೆದುಕೊಂಡರು. "ಅದೂ ಸರಿಯಮ್ಮಾ. ಬಾಂಬಿನ ಕಾವು ಅಲ್ವಾ!"

ಅಂದಿನಿಂದ ತೂತಿಗೆ ಬರೀ ತಣ್ಣೀರು, ಕೊಡಗಟ್ಟಲೆ. ಗಂಜಿಯನ್ನು ನಾನೇ ಕುಡಿದೆ. ಮೊದಲು ಹುಲ್ಲು ಬಂತು. "ಫೋನ್ ಹೇಳ್ದಂಗೇ ಆಯ್ತು ನೋಡು!" ಎಂದು ತಾತ ಕುಣಿದರು. ಆಮೇಲೆ ಬೇರಿನಿಂದ ಕೆಂಪಗೆ ಎರಡು ಚಿಗುರು.

ಈಗ ಅವರು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲೆಲ್ಲ "ಬಾಂಬು ಗೆದ್ದ ಕರಿಬೇವು" ಎಂದು ಹಂಚುತ್ತಾರೆ. ಮೊದಲ ಕಂತೆ ದಿನವೂ ನಮ್ಮ ಮನೆಗೆ. ಒಗ್ಗರಣೆ ಚಟಪಟ ಎಂದಾಗಲೆಲ್ಲ ನನಗೆ ಗಂಜಿಯ ನೆನಪು.

ಮಕ್ಕಳೇ, ಈ ಹಾಳೆಗಳನ್ನು ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಜೋಪಾನವಾಗಿಡಿ. ತಾತನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ.